ಒಬ್ಬರಿಗೊಬ್ಬರು ಕಾಯುವ ಊಟ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ತಿಂಗಳಿಗೊಮ್ಮೆ ಆರಾಧನೆ ಮುಗಿದ ಮೇಲೆ ಎಲ್ಲರೂ ಕೂಡಿ ಉಣ್ಣುವ ಪ್ರೀತಿಭೋಜನ. ಅದರ ಉಸ್ತುವಾರಿ ನನ್ನದು. ಮಂಗಳೂರು, ಉಡುಪಿ ಕಡೆಯ ಹಳೆಯ ಬಾಸೆಲ್ ಮಿಷನ್ ಮನೆತನದವರೂ ಬೀದರಿನಿಂದ ಕಟ್ಟಡ ಕೆಲಸಕ್ಕೆ, ವಾಚ್‌ಮನ್ ಕೆಲಸಕ್ಕೆ ಬಂದ ಮೆಥೋಡಿಸ್ಟ್ ಪಂಗಡದವರೂ ಇಲ್ಲಿ ಕೂಡುತ್ತಾರೆ. ಜಾತಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಆದರೆ ತಟ್ಟೆ ಹಿಡಿದು ಮೊದಲು ನಿಲ್ಲುವವರು ಯಾರು, ಕೊನೆಗೆ ಪಾತ್ರೆ ತೊಳೆಯುವವರು ಯಾರು ಎಂದು ನೋಡಿದರೆ ಸಾಕಿತ್ತು.

ಬೈಬಲಿನಲ್ಲಿ ಅಪೊಸ್ತಲನಾದ ಪೌಲನು ಕೊರಿಂಥ ಊರಿನ ಸಭೆಯವರನ್ನು ತರಾಟೆಗೆ ತೆಗೆದುಕೊಂಡದ್ದು ಊಟದ ವಿಷಯಕ್ಕೇ. ಕರ್ತನ ಭೋಜನಕ್ಕೆಂದು ಕೂಡಿ, ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗುತ್ತಿದ್ದ. ಅವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೇ ಅಧ್ಯಾಯದ ಕೊನೆಯಲ್ಲಿ ಅವನು ಹೇಳುವ ಪರಿಹಾರ ಇಷ್ಟೇ: ಒಬ್ಬರಿಗೊಬ್ಬರು ಕಾಯಿರಿ. ನಾನು ಅದನ್ನು ಅಕ್ಷರಶಃ ಹಿಡಿದುಕೊಂಡೆ. ಭಾನುವಾರ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದ್ದರೆ ರಾತ್ರಿ ಪಾಳಿ ಮುಗಿಸಿ ಬರುವವರ ಲೋಕಲ್ ರೈಲು ತಡವಾಗುತ್ತದೆ. ಅವರು ಬರುವ ತನಕ ಅನ್ನದ ಮುಚ್ಚಳ ತೆಗೆಯುವುದಿಲ್ಲ. ಗೊಣಗಾಟ ಇದ್ದೇ ಇತ್ತು. ಸಕ್ಕರೆ ಕಾಯಿಲೆಯ ಹಿರಿಯರಿಗೆ ಮಾತ್ರ ಚಹಾ, ಬಿಸ್ಕತ್ತು ಮೊದಲೇ ಕೊಡುತ್ತೇವೆ.

ಬಡಿಸಲು, ಪಾತ್ರೆ ತೊಳೆಯಲು ಚೀಟಿ ಎತ್ತುತ್ತೇವೆ. ಒಮ್ಮೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಪಾತ್ರೆಯ ಚೀಟಿ ಬಂತು. ಪ್ಯಾಂಟು ಮೇಲಕ್ಕೆ ಮಡಚಿ, ನಲ್ಲಿಯ ಕೆಳಗೆ ಅಡಿ ಹಿಡಿದ ಪಾತ್ರೆಯನ್ನು ಕೆರೆಯುತ್ತ ಕೂತರು. ಪಕ್ಕದಲ್ಲಿದ್ದ ಸೆಂಟ್ರಿಂಗ್ ಕೆಲಸದ ಹುಡುಗ, "ಅಂಕಲ್, ಬಿಸಿನೀರು ಹಾಕಿ ಸ್ವಲ್ಪ ನೆನೆಯಲು ಬಿಡಿ, ತಾನಾಗಿ ಬಿಡುತ್ತದೆ" ಎಂದ. ಅಷ್ಟು ದಿನ ಅವರಿಬ್ಬರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಮುಂದಿನ ಸಾಲಿನ ಮೆತ್ತೆಯ ಕುರ್ಚಿಗಳನ್ನು ತೆಗೆಸುವುದು ಸುಲಭವಾಯಿತು. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ ಕೊಡುವವರ ಬಗ್ಗೆ ಬೈಬಲಿನ ತನ್ನ ಪತ್ರಿಕೆಯಲ್ಲಿ ಯಾಕೋಬನು ಬರೆದದ್ದನ್ನು ಓದಿದ ಮೇಲೆ ಯಾರೂ ಎದುರಾಡಲಿಲ್ಲ. ಕಷ್ಟವಾದದ್ದು ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಹಣ್ಣು, ತರಕಾರಿಯ ಹರಾಜು. ಒಂದು ಪಪ್ಪಾಯಿ ಸಾವಿರಾರು ರೂಪಾಯಿಗೆ ಹೋಗುತ್ತದೆ, ಕೂಗಿದವರಿಗೆ ಚಪ್ಪಾಳೆ. ಕೂಲಿಯವರು ಗೋಡೆಗೊರಗಿ ನೋಡುತ್ತಾರೆ. ಸಭಾಂಗಣದ ಬಾಡಿಗೆಗೆ ಆ ದುಡ್ಡೇ ಆಧಾರ. ಹಾಗಾಗಿ ಹರಾಜು ಉಳಿಸಿಕೊಂಡು, ಕಾಣಿಕೆ ಕೊಟ್ಟವರ ಹೆಸರು, ಮೊತ್ತ ಓದುವುದನ್ನು ಮಾತ್ರ ಬಿಟ್ಟೆವು. ಅರ್ಧ ಕೆಲಸ ಎನ್ನುವವರಿದ್ದಾರೆ; ಒಪ್ಪುತ್ತೇನೆ.

ಮದುವೆಯ ಮಾತು ಬೇರೆಯೇ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯಿಂದ ಮಂಗಳೂರಿಗೆ ಬಂದ ಮಿಷನರಿಗಳು ಸಭೆಯೊಳಗೆ ಜಾತಿ ಸಲ್ಲದು ಎಂದು ಪಟ್ಟು ಹಿಡಿದವರು. ಆ ಪರಂಪರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರೇ ಸಂಬಂಧ ಕೇಳಲು ಬಂದಾಗ ದನಿ ತಗ್ಗಿಸಿ "ಅವರು ಮೂಲದಲ್ಲಿ ಯಾರು?" ಎನ್ನುತ್ತಾರೆ. ಹುಡುಗನ ಕೆಲಸ, ಸಾಲ, ಕುಡಿತ ಕೇಳಿ, ಹೇಳುತ್ತೇನೆ. ಅದನ್ನು ಮಾತ್ರ ಹೇಳುವುದಿಲ್ಲ ಎನ್ನುತ್ತೇನೆ. ಕೆಲವರು ಎದ್ದು ಇನ್ನೊಬ್ಬರ ಮನೆಗೆ ಹೋಗಿ ಕೇಳಿಕೊಳ್ಳುತ್ತಾರೆ.