ಮಹಡಿ ಮೇಲಿನ ಲಿನಕ್ಸ್ ಆ್ಯಪ್‌ನ ಹಾಲ್‌ನಲ್ಲಿ ಕೂತು ಓಡಿಸೋದು ಹೇಗೆ

ನನ್ನ ಹತ್ರ ಇರೋದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್, ಅದ್ರಲ್ಲಿ ಫೋಟೋ ತಿದ್ದೋ ಜಿಂಪ್ ಓಪನ್ ಮಾಡಿದ್ರೆ ಫ್ಯಾನ್ ಸದ್ದು ಪಕ್ಕದ್ಮನೆ ಆಂಟಿಗೂ ಕೇಳ್ಸತ್ತೆ. ಒಳ್ಳೇ ಡೆಸ್ಕ್‌ಟಾಪ್ ಇರೋದು ಮಲ್ಲೇಶ್ವರದ ನಮ್ಮನೆ ಮಹಡಿ ಮೇಲೆ, ಬೇಸಿಗೇಲಿ ಅಲ್ಲಿ ಕೂರೋಕಾಗಲ್ಲ. ಅದಕ್ಕೆ ಕೆಳಗೆ ಹಾಲ್‌ನಲ್ಲಿ ಕೂತು ಮೇಲಿನ ಮಷಿನ್‌ನ ಆ್ಯಪ್ ಓಡಿಸ್ತೀನಿ. ಪೂರ್ತಿ ಡೆಸ್ಕ್‌ಟಾಪ್ ಬರಲ್ಲ, ಬೇಕಾದ ಒಂದು ವಿಂಡೋ ಬರತ್ತೆ ಅಷ್ಟೇ.

ಇದೇನು ಹೊಸಾದಲ್ಲ. ಲಿನಕ್ಸ್‌ನಲ್ಲಿ ಸ್ಕ್ರೀನ್ ಮೇಲೆ ವಿಂಡೋ ಮೂಡಿಸೋ ಎಕ್ಸ್ ವಿಂಡೋ ಸಿಸ್ಟಮ್ 1984ರಲ್ಲಿ ಎಂಐಟೀಲಿ ಶುರುವಾಗಿದ್ದು, 11ನೇ ವರ್ಷನ್ ಬಂದಿದ್ದು 1987ರಲ್ಲಿ, ನೆಟ್‌ವರ್ಕ್ ಮೇಲೆ ಓಡೋದು ಮೊದಲಿಂದಾನೇ ಅದರ ಗುಣ. ಎಲ್ರೂ ಎಡವೋದು ಒಂದೇ ಕಡೆ: ಇಲ್ಲಿ ಸರ್ವರ್ ಅಂದ್ರೆ ಸ್ಕ್ರೀನ್ ಇರೋ ನಿಮ್ಮ ಲ್ಯಾಪ್‌ಟಾಪು, ದೂರದಲ್ಲಿ ಓಡ್ತಿರೋ ಆ್ಯಪ್ಪೇ ಕ್ಲೈಂಟು.

ಡೆಸ್ಕ್‌ಟಾಪ್ ಕಡೆ ಓಪನ್‌ಎಸ್‌ಎಸ್‌ಎಚ್ ಸರ್ವರ್ (ದೂರದಿಂದ ಭದ್ರವಾಗಿ ಲಾಗಿನ್ ಆಗೋಕೆ) ಮತ್ತೆ ಎಕ್ಸ್‌ಆಥ್ (ಎಕ್ಸ್‌ನ ಅನುಮತಿ ಕೀ ನೋಡ್ಕೊಳ್ಳೋದು) ಎರಡೂ ಇನ್‌ಸ್ಟಾಲ್ ಆಗಿರ್ಬೇಕು. ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಲ್ಲಿ ಎಕ್ಸ್11ಫಾರ್ವರ್ಡಿಂಗ್ ಮುಂದೆ ಯೆಸ್ ಇದ್ಯಾ ನೋಡಿ, ಉಬುಂಟುವಲ್ಲಿ ಸಾಮಾನ್ಯವಾಗಿ ಇರತ್ತೆ, ಬದಲಾಯ್ಸಿದ್ರೆ ಸರ್ವಿಸ್ ರೀಸ್ಟಾರ್ಟ್ ಮಾಡಿ. ಆ ಮಷಿನ್‌ಗೆ ಮಾನಿಟರ್ ಕೂಡ ಬೇಡ.

ಲ್ಯಾಪ್‌ಟಾಪ್ ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಅಂತ ಟೈಪ್ ಮಾಡಿ, ಸ್ಪೇಸ್ ಬಿಟ್ಟು ಹೈಫನ್ ಜೊತೆ ದೊಡ್ಡ ಎಕ್ಸ್, ಆಮೇಲೆ ಮಾಮೂಲಿ ಥರ ಯೂಸರ್‌ನೇಮ್, ಅಟ್, ಐಪಿ. ಒಳಗೆ ಹೋದ್ಮೇಲೆ ಎಕ್ಸ್‌ಕ್ಲಾಕ್ ಓಡಿಸಿ, ಗಡಿಯಾರ ಬಂತಾ, ಕೆಲಸ ಆಯ್ತು. ಬರ್ಲಿಲ್ವಾ, ವಿಂಡೋ ಎಲ್ಲಿ ತೋರಿಸ್ಬೇಕು ಅಂತ ಹೇಳೋ ಡಿಸ್‌ಪ್ಲೇ ವೇರಿಯಬಲ್ ಎಕೋ ಮಾಡಿ. ಲೋಕಲ್‌ಹೋಸ್ಟ್ 10.0 ಅಂತ ಏನಾದ್ರೂ ಇರ್ಬೇಕು, ಖಾಲಿ ಇದ್ರೆ ಎಕ್ಸ್‌ಆಥ್ ಇಲ್ದೇ ಇರ್ಬಹುದು, ಇಲ್ಲಾ ಎಕ್ಸ್11ಫಾರ್ವರ್ಡಿಂಗ್ ಮುಂದೆ ಯೆಸ್ ಇಲ್ದೇ ಇರ್ಬಹುದು. ನಾನು ಒಂದಿಡೀ ಭಾನುವಾರ ಆ ವೇರಿಯಬಲ್‌ನ ಕೈಯಾರೆ ತುಂಬಿಸ್ಕೊಂಡು ಕೂತಿದ್ದೆ, ಆ ತಪ್ಪು ಮಾಡ್ಬೇಡಿ, ಅದನ್ನ ಎಸ್‌ಎಸ್‌ಎಚ್ಚೇ ತುಂಬ್ಕೊಳ್ಳತ್ತೆ. ಹಾಗೇನೇ ಯಾರಾದ್ರೂ ಎಕ್ಸ್‌ಹೋಸ್ಟ್ ಪ್ಲಸ್ ಹೊಡಿ ಗುರು ಅಂದ್ರೆ ಕೇಳ್ಬೇಡಿ, ಯಾರು ಬೇಕಾದ್ರೂ ನಿಮ್ಮ ಸ್ಕ್ರೀನ್‌ಗೆ ಬರೋಕೆ ಬಿಡೋ ಕಮಾಂಡ್ ಅದು, ಮನೆ ಬಾಗ್ಲು ತೆಗೆದಿಟ್ಟು ಊರಿಗೆ ಹೋದ ಹಾಗೆ.

ದೊಡ್ಡ ಎಕ್ಸ್ ಬದ್ಲು ದೊಡ್ಡ ವೈ ಹಾಕಿದ್ರೆ ಆ ಕಡೆ ಮಷಿನ್‌ನ ಪೂರ್ತಿ ನಂಬಿದ ಹಾಗೆ, ಅಲ್ಲಿ ರೂಟ್ (ಅಡ್ಮಿನ್ ಅಧಿಕಾರ) ಇರೋನು ನಿಮ್ಮ ಕೀಬೋರ್ಡ್ ಒತ್ತಿದ್ದೂ ನೋಡ್ಬಹುದು. ಸ್ವಂತ ಮಷಿನ್‌ಗೆ ಮಾತ್ರ ಇಟ್ಕೊಳ್ಳಿ. ಉಬುಂಟುವಲ್ಲಿ ಡೀಫಾಲ್ಟಾಗಿ ಎರಡೂ ಒಂದೇ ಥರ ಕೆಲಸ ಮಾಡತ್ತೆ ಅನ್ನೋದೂ ಗೊತ್ತಿರ್ಲಿ.

ಇನ್ನು ಸ್ಪೀಡು. ಮನೆ ವೈಫೈ ಒಳಗೆ ಆರಾಮ. ಹೊರಗಿಂದ, ಅದೂ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಮೆನು ಕ್ಲಿಕ್ ಮಾಡಿ ಬೈಟೂ ಕಾಫಿ ಕುಡ್ಕೊಂಡು ಬರ್ಬಹುದು, ಯಾಕಂದ್ರೆ ಎಕ್ಸ್ ಪ್ರತಿ ಸಣ್ಣ ವಿಷ್ಯಕ್ಕೂ ಹೋಗಿ ಬಂದು ಮಾಡತ್ತೆ, ಜೊತೆಗೆ ಈಗಿನ ಜಿಟಿಕೆ, ಕ್ಯೂಟಿ ಅನ್ನೋ ಟೂಲ್‌ಕಿಟ್‌ಗಳಲ್ಲಿ ಮಾಡಿದ ಆ್ಯಪ್‌ಗಳು ಗೆರೆ ಎಳಿ ಅಂತ ಹೇಳಿ ಕಳಿಸೋ ಬದ್ಲು ಚಿತ್ರಾನೇ ಕಳಿಸ್ತಾವೆ. ದೊಡ್ಡ ಸಿ ಹಾಕಿ ಕಂಪ್ರೆಸ್ ಮಾಡಿದ್ರೆ ಸ್ವಲ್ಪ ಸುಧಾರ್ಸತ್ತೆ, ಸ್ವಲ್ಪಾನೇ. ಲೈನ್ ಕಟ್ಟಾದ್ರೆ ಆ್ಯಪ್ಪೂ ಢಮಾರ್, ಸೇವ್ ಮಾಡ್ದೇ ಇದ್ದಿದ್ದೆಲ್ಲಾ ಹೋಯ್ತು.

ಅದಕ್ಕೆ ಹೊರಗಿದ್ರೆ ನಾನು ಎಕ್ಸ್‌ಪ್ರಾನೇ ಬಳಸೋದು, ಲೈನ್ ಕಟ್ಟಾದ್ರೂ ಆ್ಯಪ್ ಉಳಿಸ್ಕೊಳ್ಳೋ ಸಾಫ್ಟ್‌ವೇರ್ ಅದು. ಎರಡೂ ಕಡೆ ಇನ್‌ಸ್ಟಾಲ್ ಮಾಡಿ, ಎಸ್‌ಎಸ್‌ಎಚ್ ಮೂಲಕಾನೇ ಸ್ಟಾರ್ಟ್ ಕೊಡಿ, ಮೆಟ್ರೋಲಿ ಸಿಗ್ನಲ್ ಹೋದ್ರೂ ಆ್ಯಪ್ ಮನೇಲಿ ಓಡ್ತಾನೇ ಇರತ್ತೆ, ಇಳಿದ್ಮೇಲೆ ಅಟ್ಯಾಚ್ ಹೊಡೆದ್ರೆ ಬಿಟ್ಟಲ್ಲಿಂದಾನೇ ಸಿಗತ್ತೆ. ಮನೆ ಬ್ರಾಡ್‌ಬ್ಯಾಂಡ್‌ನೋರು ಒಂದೇ ಪಬ್ಲಿಕ್ ಐಪಿನ ಹಲವರಿಗೆ ಹಂಚಿದ್ರೆ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದ ಕನೆಕ್ಷನ್‌ನ ರೂಟರ್ ಡೆಸ್ಕ್‌ಟಾಪ್‌ಗೆ ದಾಟಿಸೋದು) ನಡೆಯಲ್ಲ, ಆಗ ಟೇಲ್‌ಸ್ಕೇಲ್ ಥರದ ವಿಪಿಎನ್ ಹಾಕ್ಕೊಳ್ಳಿ. ಮತ್ತೆ ಡೆಸ್ಕ್‌ಟಾಪ್‌ನ ಯುಪಿಎಸ್‌ಗೆ ಸಿಕ್ಕಿಸಿ, ಮಳೆ ಎರಡು ಹನಿ ಬಿದ್ರೆ ಕರೆಂಟ್ ಹೋಗತ್ತೆ, ಆಗ ಎಕ್ಸ್‌ಪ್ರಾನೂ ಏನೂ ಮಾಡಕ್ಕಾಗಲ್ಲ.