ಪಿಕ್ಚರ್ ಟ್ಯೂಬನ್ನು ಯಾರು ಒಯ್ಯುತ್ತಾರೆ?

ಕೋಲಾರದಲ್ಲಿ ಟಿವಿ, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನ್ನಂಥವರ ಬಳಿ ಕೆಟ್ಟ ಸಾಮಾನು ತಾನಾಗಿಯೇ ಬಂದು ಸೇರುತ್ತದೆ. ರಿಪೇರಿ ಖರ್ಚು ಕೇಳಿ ‘ಬೇಡ ಬಿಡಣ್ಣ, ನೀನೇ ಇಟ್ಕೋ’ ಅಂತ ಬಿಟ್ಟುಹೋದ ಸೆಟ್ಟುಗಳು, ಸುಟ್ಟ ಬೋರ್ಡುಗಳು, ಉಬ್ಬಿದ ಬ್ಯಾಟರಿಗಳು. ಇವನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕುವುದು ನಮ್ಮ ಕಸುಬಿನ ರೂಢಿ. ನಾನು ಅದನ್ನು ಬಿಟ್ಟದ್ದು ಪಿಕ್ಚರ್ ಟ್ಯೂಬಿನ, ಅಂದರೆ ಹಳೆಯ ಟಿವಿಯೊಳಗಿನ ದಪ್ಪ ಗಾಜಿನ ಬುರುಡೆಯ ಕಾರಣಕ್ಕೆ.

ಹಳೆಯ ಡಬ್ಬಾ ಟಿವಿಯಲ್ಲಿ ಗುಜರಿಯವರಿಗೆ ಬೇಕಾದ್ದು ತಾಮ್ರ. ಟ್ಯೂಬಿನ ಕುತ್ತಿಗೆ ಮುರಿದು ಅಲ್ಲಿರುವ ತಾಮ್ರದ ಸುರುಳಿ, ಯೋಕ್ ಕಾಯಿಲ್, ಕಿತ್ತುಕೊಂಡರೆ ಮುಗಿಯಿತು. ಉಳಿದ ಗಾಜಿಗೆ ಯಾರೂ ಕಾಸು ಕೊಡುವುದಿಲ್ಲ, ಹಾಗಾಗಿ ಅದು ಕೆರೆ ಏರಿಯ ಪಕ್ಕಕ್ಕೋ ರಾಜಕಾಲುವೆಗೋ ಬೀಳುತ್ತದೆ. ಎಕ್ಸ್‌ರೇ ಹೊರಬಾರದಂತೆ ಆ ಗಾಜಿನ ಹಿಂಭಾಗದಲ್ಲಿ ವಿಷಕಾರಿಯಾದ ಸೀಸ ಬೆರೆಸಿರುತ್ತಾರೆ. ನೀರಿಗಾಗಿ ಸಾವಿರಾರು ಅಡಿ ಬೋರ್‌ವೆಲ್ ಕೊರೆಸುವ ಜಿಲ್ಲೆ ನಮ್ಮದು. ಇರುವ ಕೆರೆಗಳಿಗೂ ಸೀಸ ಸುರಿಯುವುದನ್ನು ನೋಡುತ್ತಾ ಕೂರಲು ನನಗೆ ಆಗಲಿಲ್ಲ.

ಅದಕ್ಕೇ ನನ್ನ ಅಂಗಡಿಯಲ್ಲಿ ಒಂದೇ ಕಟ್ಟಳೆ: ಸ್ಪೇರ್‌ಗೆ ಬಾರದ ಸೆಟ್ಟನ್ನು ಬಿಚ್ಚುವ ಹಾಗಿಲ್ಲ, ಇಡಿಯಾಗಿಯೇ ಕೊಡಬೇಕು. ತಾಮ್ರ, ಬೋರ್ಡು ನಾನು ಮಾರಿಕೊಂಡು ಬರೀ ಗಾಜು ಕೊಡುತ್ತೇನೆಂದರೆ ಮರುಬಳಕೆ ಘಟಕದವರು ಯಾಕೆ ಬರುತ್ತಾರೆ? ಗಾಜನ್ನು ಸಂಭಾಳಿಸುವ ಖರ್ಚು ಅವರಿಗೆ ಹುಟ್ಟುವುದೇ ತಾಮ್ರದಿಂದ. ಕೈಗೆ ಬರುವ ದುಡ್ಡು ಸ್ವಲ್ಪ ಕಡಿಮೆ, ನಿಜ.

ಬೋರ್ಡಿನ ವಿಷಯಕ್ಕೆ ಬಂದರೆ, ಕೆಜಿಎಫ್ ಪಕ್ಕದಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರಿಗೆ ಸಿಗುತ್ತಿದ್ದ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಆ ಚಿನ್ನದ ಆಸೆಗೆ ಅವುಗಳ ಬೋರ್ಡುಗಳನ್ನು ಆಸಿಡ್‌ನಲ್ಲಿ ಅದ್ದಿ, ಉಳಿದ ನೀರನ್ನು ಮೋರಿಗೆ ಚೆಲ್ಲುವವರಿದ್ದಾರೆ. ಸೈನೈಡ್ ಹಾಕಿ ಚಿನ್ನ ತೆಗೆದಮೇಲೆ ಗಣಿಯ ಪಕ್ಕ ಉಳಿದ ಪುಡಿಮಣ್ಣಿನ ‘ಸೈನೈಡ್ ಗುಡ್ಡ’ಗಳ ಧೂಳು ಗಾಳಿಕಾಲದಲ್ಲಿ ಮನೆಮನೆಗೆ ಬರುವುದನ್ನು ಕಂಡವರು ಇದನ್ನು ಒಪ್ಪಬಾರದು. ವೈರ್ ಸುಟ್ಟು ತಾಮ್ರ ತೆಗೆಯುವುದೂ ಅಷ್ಟೇ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ವಿಷ ಹೊಮ್ಮುತ್ತದೆ, ಅದನ್ನು ಮೊದಲು ಉಸಿರಾಡುವವನು ಸುಡುವ ಹುಡುಗನೇ.

ಬ್ಯಾಟರಿಯನ್ನು ಮಾತ್ರ ಬೇರೆ ಇಡುತ್ತೇನೆ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ತುಂಬಿದ ಕಬ್ಬಿಣದ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ. ಉಬ್ಬಿದ್ದನ್ನು ಅದುಮಬೇಡಿ, ಚುಚ್ಚಬೇಡಿ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ಬಲು ಕಷ್ಟ. ಯುಪಿಎಸ್ಸಿನ ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಡೀಲರೇ ವಾಪಸ್ ತೆಗೆದುಕೊಳ್ಳುತ್ತಾರೆ.

ಇನ್ನು ಕೊಡುವುದು ಯಾರಿಗೆ? 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮರುಬಳಕೆ ಘಟಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿಯಾಗಿರಲೇಬೇಕು. ‘ನಮ್ಮದು ಲೈಸೆನ್ಸ್ ಇದೆ ಸಾರ್’ ಅನ್ನುವ ಬಾಯಿಮಾತು ಸಾಲದು. ನೋಂದಣಿ ಸಂಖ್ಯೆ ಕೇಳಿ ತಾಳೆ ನೋಡುತ್ತೇನೆ, ಸಾಮಾನು ಎತ್ತಿದ ಮೇಲೆ ರಸೀದಿ ಪಡೆಯುತ್ತೇನೆ. ಒಂದು ಅಂಗಡಿಯ ಸಾಮಾನಿಗೆ ಅವರ ಗಾಡಿ ಇಷ್ಟು ದೂರ ಬರುವುದಿಲ್ಲ. ಅಕ್ಕಪಕ್ಕದ ರಿಪೇರಿ ಅಂಗಡಿಯವರು ಸೇರಿ ಒಂದು ಟೆಂಪೋ ಲೋಡ್ ಆಗುವವರೆಗೆ ಕೂಡಿಡುತ್ತೇವೆ. ನಮ್ಮ ಗುಜರಿ ಭಾಯ್ ಕೂಡ ಈಗ ಟಿವಿಗಳನ್ನು ಒಡೆಯದೆ ತಂದು ನಮ್ಮ ಲೋಡಿಗೇ ಸೇರಿಸುತ್ತಾರೆ. ಬೀದಿ ಬೀದಿ ಸುತ್ತಿ ಸಾಮಾನು ಹೊರತರುವುದು ಅವರಿಂದಲೇ ಆಗುವ ಕೆಲಸ. ಅವರನ್ನು ದೂರವಿಟ್ಟರೆ ಏನೂ ನಡೆಯದು.

ಮನೆಗಳಲ್ಲಿ ಹಳೆ ಫೋನು ಬೀರು ಬಿಟ್ಟು ಬಾರದಿರುವುದಕ್ಕೆ ಕಾರಣ ಬೇರೆ: ಒಳಗಿನ ಫೋಟೋ, ಆಧಾರ್, ಬ್ಯಾಂಕ್ ಮೆಸೇಜುಗಳ ಭಯ. ಆ ಭಯ ಸರಿಯಾದದ್ದೇ. ಆನ್ ಆಗುವ ಫೋನಾದರೆ ಫೋಟೋಗಳನ್ನು ಬೇರೆಡೆ ಉಳಿಸಿಕೊಟ್ಟು, ಗೂಗಲ್ ಅಕೌಂಟ್ ತೆಗೆಸಿ, ಸಿಮ್, ಮೆಮೊರಿ ಕಾರ್ಡ್ ಅವರ ಕೈಗಿತ್ತು, ಅವರೆದುರೇ ಫ್ಯಾಕ್ಟರಿ ರಿಸೆಟ್ ಮಾಡುತ್ತೇನೆ. ಡೆಡ್ ಆಗಿದ್ದರೆ ಮೊದಲು ಬ್ಯಾಟರಿ ತೆಗೆದು, ಬೋರ್ಡಿನ ಸ್ಟೋರೇಜ್ ಚಿಪ್ಪಿಗೆ ಡ್ರಿಲ್ ಹಾಕಿ ತೋರಿಸುತ್ತೇನೆ. ಅಷ್ಟಾದರೆ, ‘ಮನೇಲಿ ಇನ್ನೂ ಎರಡಿವೆ ಅಣ್ಣ’ ಅನ್ನುವವರೇ ಹೆಚ್ಚು.