ಕಾಫಿ ಗೋಡೌನಿನಲ್ಲಿ ರೋಮ್, ವಿಯೆನ್ನಾ, ಕಲ್ಕತ್ತಾ

ಕೊಡಗಿನ ಮೂರ್ನಾಡಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಜೂನ್ ಹೊತ್ತಿಗೆ ಕಾಫಿಯೆಲ್ಲ ಮಾರಿ ಹೋಗಿರುತ್ತದೆ, ಗೋಡೌನ್ ಖಾಲಿ. ಮಳೆ ಹಿಡಿದರೆ ಸಂಜೆ ಆದಮೇಲೆ ಯಾರೂ ಹೊರಗೆ ಹೋಗುವ ಹಾಗಿಲ್ಲ. ಐದು ವರ್ಷದ ಹಿಂದೆ ಆ ಖಾಲಿ ಗೋಡೌನಿನಲ್ಲಿ ಹಳೆಯ ಕಪ್ಪು ಬಿಳುಪು ಸಿನಿಮಾ ತೋರಿಸಲು ಶುರು ಮಾಡಿದೆ. ನೋಡುವವರು ಮನೆಯವರು, ಅಕ್ಕಪಕ್ಕದ ತೋಟದವರು, ತೋಟದ ಕೆಲಸಗಾರರಾದ ಲೈನ್ ಮನೆಯವರು. ಟಿಕೆಟ್ ಇಲ್ಲ, ಬೆಲ್ಲದ ಕಾಫಿ ಉಂಟು.

ನಾನು ಆರಿಸುವುದು ಒಂದೇ ಬಗೆಯ ಸಿನಿಮಾ. ಸ್ಟುಡಿಯೋ ಬಿಟ್ಟು, ದೊಡ್ಡ ಊರಿನ ನಿಜವಾದ ಬೀದಿಗೆ ಕ್ಯಾಮೆರಾ ಇಳಿಸಿ ತೆಗೆದವು. ಬೆಂಗಳೂರಿನಲ್ಲಿ ಓದುವಾಗ 'ಬೈಸಿಕಲ್ ಥೀವ್ಸ್' ನೋಡಿದ್ದೆ. ಕಥೆಗಿಂತ ಜಾಸ್ತಿ ಮನಸ್ಸಿನಲ್ಲಿ ಉಳಿದದ್ದು ಅದರ ಹಿಂದಿನ ಬೀದಿ. 1948ರ ರೋಮ್. ಸೈಕಲ್ ಏರಿ ಕೆಲಸಕ್ಕೆ ಹೊರಟ ಜನ, ಬಾಗಿಲಲ್ಲಿ ಸುಮ್ನೆ ನಿಂತವರು. ಅವರನ್ನು ಇನ್ನೊಮ್ಮೆ ನೋಡಬೇಕು, ನಮ್ಮವರಿಗೂ ತೋರಿಸಬೇಕು ಅನ್ನುವ ಆಸೆ ಅಂದಿನಿಂದ ಇತ್ತು.

ಮೊದಲು ಹಾಕಿದ್ದು 'ದಿ ನೇಕೆಡ್ ಸಿಟಿ', ಅದೂ 1948ರದ್ದೇ, ನ್ಯೂಯಾರ್ಕಿನದ್ದು. ಅದು ಚೆನ್ನಾಗಿ ಆಗಲಿಲ್ಲ. ಮುಗಿದ ಮೇಲೆ ಪಕ್ಕದ ತೋಟದ ಅಜ್ಜ, "ಮಗಳೇ, ಮಂಜಿನೊಳಗೆ ನೋಡಿದ ಹಾಗಾಯ್ತು" ಅಂದರು. ಅವರು ಹೇಳಿದ್ದು ಸರಿ. ಕಪ್ಪು ಇರಬೇಕಾದ ಕಡೆಯೆಲ್ಲ ಬೂದಿ ಬಣ್ಣ. ಮುಖಗಳು ಅಗಲಕ್ಕೆ ಎಳೆದ ಹಾಗೆ. ಎರಡು ವಾರ ಕೂತು ಯಾಕೆ ಹೀಗಾಯ್ತು ಅಂತ ಒಂದೊಂದಾಗಿ ನೋಡಿದೆ.

ಮೊದಲ ಪಾಠ ಕತ್ತಲೆಯದ್ದು. ಪ್ರೊಜೆಕ್ಟರಿಗೆ ಬೆಳಕು ಚೆಲ್ಲಲು ಬರುತ್ತದೆ, ಕಪ್ಪು ಚೆಲ್ಲಲು ಬರುವುದಿಲ್ಲ. ಪರದೆಯ ಮೇಲೆ ಕಾಣುವ ಕಪ್ಪು ಅಂದರೆ ಆ ಕೋಣೆಯ ಕತ್ತಲೆಯೇ. ಕೋಣೆಯಲ್ಲಿ ಎಷ್ಟು ಬೆಳಕು ಸೋರುತ್ತದೋ ಅಷ್ಟು ಕಪ್ಪು ಕೆಡುತ್ತದೆ. ಬಣ್ಣದ ಸಿನಿಮಾದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕಪ್ಪು ಬಿಳುಪಿನಲ್ಲಿ ಇರುವುದೇ ಅದೊಂದು, ಅಲ್ವಾ? ಕಿಟಕಿ ಸಂದು, ಬಾಗಿಲ ಸಂದು, ಮಾಡಿನ ಅಂಚು, ಎಲ್ಲ ಕಡೆ ಗೋಣಿಚೀಲ ತುರುಕಿದೆವು. ಅಂಗಳದ ದೀಪ ಆರಿಸಿದೆವು. ಇನ್ವರ್ಟರಿನ ಕೆಂಪು ದೀಪಕ್ಕೂ ಒಂದು ಪಟ್ಟಿ ಅಂಟಿಸಿದೆ.

ಎರಡನೆಯದು ಪರದೆ. ಬಿಳಿ ಪಂಚೆ ಕಟ್ಟಿದ್ದೆವು. ಅರ್ಧ ಬೆಳಕು ಅದರೊಳಗಿಂದ ಹಿಂದಕ್ಕೆ ಹೋಗುತ್ತಿತ್ತು. ಈಗ ಪ್ಲೈವುಡ್ ಹಲಗೆಗೆ ಹೊಳಪಿಲ್ಲದ ಬಿಳಿ ಪೇಂಟ್ ಬಳಿದು, ನಾಲ್ಕೂ ಬದಿಗೆ ಕಪ್ಪು ಬಟ್ಟೆ ಹೊಡೆದಿದ್ದೇವೆ. ಆ ಕಪ್ಪು ಅಂಚು ಚಿತ್ರಕ್ಕೆ ಎಷ್ಟು ಬಲ ಕೊಡುತ್ತದೆ ಅನ್ನುವುದನ್ನು ನೋಡಿಯೇ ತಿಳಿಯಬೇಕು.

ಆಮೇಲೆ ಚಿತ್ರದ ಆಕಾರ. ಆ ಕಾಲದ ಹೆಚ್ಚಿನ ಸಿನಿಮಾಗಳು ಚೌಕಕ್ಕೆ ಹತ್ತಿರ. ಎತ್ತರ ಒಂದಾದರೆ ಅಗಲ 1.37. ನಮ್ಮ ಪ್ರೊಜೆಕ್ಟರ್ ತಾನಾಗಿಯೇ ಅದನ್ನು ಇಡೀ ಪರದೆಗೆ ಎಳೆಯುತ್ತಿತ್ತು. ಸೆಟ್ಟಿಂಗಿನಲ್ಲಿ ನಾಲ್ಕಕ್ಕೆ ಮೂರು ಅಂತ ಇಟ್ಟಮೇಲೆ ಮನುಷ್ಯರು ಮನುಷ್ಯರ ಹಾಗೆ ಕಂಡರು. ಎಲ್ಲವೂ ಹಾಗೇ ಅಂತ ತಿಳಿಯಬೇಡಿ. 1959ರ 'ಫೋರ್ ಹಂಡ್ರೆಡ್ ಬ್ಲೋಸ್' ಪ್ಯಾರಿಸ್ಸಿನಲ್ಲಿ ತೆಗೆದದ್ದು, ಅದು ತುಂಬಾ ಅಗಲ. ಪ್ರತಿ ಸಲ ಮೊದಲೇ ಹಾಕಿ ನೋಡಬೇಕು. ಬಣ್ಣದ ಅಂಶವನ್ನು ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಬೂದಿಯೊಳಗೆ ನೀಲಿ ಬೆರೆಯುತ್ತದೆ. ಶಾರ್ಪ್‌ನೆಸ್ ಕೂಡ ಇಳಿಸಿ. ಕರೆಂಟ್ ಗಕ್ಕನೆ ಹೋದರೆ ಪ್ರೊಜೆಕ್ಟರಿನ ದೀಪ ತಣಿಯದೆ ಹಾಳಾಗಬಹುದು, ಹಾಗಾಗಿ ಇನ್ವರ್ಟರ್ ಬೇಕೇ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗದ ದಿನ ಕಡಿಮೆ.

ಇಷ್ಟಾದ ಮೇಲೆ 'ನೇಕೆಡ್ ಸಿಟಿ'ಯನ್ನೇ ಮತ್ತೆ ಹಾಕಿದೆ. ಈ ಸಲ ಶುರುವಿಗೆ ಮೊದಲು ಎರಡು ಮಾತು ಹೇಳಿದೆ. ಇದರ ಛಾಯಾಗ್ರಾಹಕ ವಿಲಿಯಂ ಡೇನಿಯಲ್ಸ್, ಸ್ಟುಡಿಯೋದೊಳಗೆ ಹಾಲಿವುಡ್ ನಟಿ ಗ್ರೆಟಾ ಗಾರ್ಬೋಳ ಮುಖಕ್ಕೆ ಬೆಳಕು ಇಟ್ಟವನು. ಅಂಥವನು ನಿರ್ದೇಶಕ ಜೂಲ್ಸ್ ಡಾಸಿನ್ ಜೊತೆ ಬೀದಿಗೆ ಬಂದ. ಒಳಗಿನಿಂದ ಮಾತ್ರ ಹೊರಗೆ ಕಾಣುವ ಕನ್ನಡಿ ಹಾಕಿದ ವ್ಯಾನಿನಲ್ಲಿ ಕ್ಯಾಮೆರಾ ಬಚ್ಚಿಟ್ಟ. ಆ ಕೆಲಸಕ್ಕೆ ಆಸ್ಕರ್ ಬಂತು. ಇಷ್ಟು ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಟ್ಟೆ. ಮಕ್ಕಳು ಬೀದಿಯ ಮಕ್ಕಳನ್ನು ನೋಡಬೇಕು. ಆಟೋ ಓಡಿಸುವ ಅಣ್ಣ ಗಾಡಿಗಳನ್ನು. ಹೆಂಗಸರು ಅಂಗಡಿ, ಕಿಟಕಿ, ಒಣಹಾಕಿದ ಬಟ್ಟೆ. ಕಥೆ ಅರ್ಥ ಆಗದಿದ್ದರೂ ಪರವಾಗಿಲ್ಲ ಅಂದೆ.

ಗೋಡೌನೇ ಬೇರೆಯಾಯಿತು. ಕೊನೆಗೆ ಕೊಲೆಗಾರ ವಿಲಿಯಮ್ಸ್‌ಬರ್ಗ್ ಸೇತುವೆಯ ಕಂಬ ಹತ್ತುತ್ತಾನೆ, ಕೆಳಗೆ ಇಡೀ ಊರು ತನ್ನ ಪಾಡಿಗೆ ತಾನಿರುತ್ತದೆ. ಮಕ್ಕಳಲ್ಲೊಬ್ಬ ಎದ್ದು ನಿಂತು, "ಅವರಿಗೆ ಗೊತ್ತೇ ಇಲ್ಲ!" ಅಂತ ಕೂಗಿದ. ಈಗಲೂ ಪ್ರತಿ ಸಿನಿಮಾಕ್ಕೂ ಹೀಗೆ ಕೆಲಸ ಹಂಚುತ್ತೇನೆ. ಬೀದಿಯಲ್ಲಿ ತೆಗೆದ ಸಿನಿಮಾ ನೋಡಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದು.

ಭಾಷೆಯದ್ದು ದೊಡ್ಡ ಕಷ್ಟ. ಅಡಿಬರಹ ಇಂಗ್ಲಿಷಿನಲ್ಲಿ, ಓದಬಲ್ಲವರು ನಾಲ್ಕು ಜನ. ಮೊದಲು ಎಲ್ಲ ಮಾತನ್ನೂ ಕನ್ನಡದಲ್ಲಿ ಹೇಳಲು ಹೋದೆ. ನನ್ನ ದನಿಯೇ ಸಿನಿಮಾವನ್ನು ಮುಚ್ಚಿಬಿಟ್ಟಿತು. ಈಗ ಸಿನಿಮಾವನ್ನು ಮೂರು ಸಲ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತೀರಾ ಬೇಕಾದ ಸಾಲು ಮಾತ್ರ ಹೇಳುತ್ತೇನೆ. 'ಬೈಸಿಕಲ್ ಥೀವ್ಸ್'ಗೆ ಮೂವತ್ತು ಸಾಲು ಸಾಕಾಯಿತು.

ಆ ರಾತ್ರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನಿರ್ದೇಶಕ ಡಿ ಸಿಕಾ ನಾಯಕನ ಪಾತ್ರಕ್ಕೆ ನಟನನ್ನು ಹಾಕಲಿಲ್ಲ. ಲ್ಯಾಂಬರ್ಟೋ ಮಾಜೊರಾನಿ ಅನ್ನುವ ಕಾರ್ಖಾನೆ ಕೆಲಸಗಾರನನ್ನು ಹಾಕಿದ. ಅಡವಿಟ್ಟ ಸೈಕಲ್ ಬಿಡಿಸಲು ಹೆಂಡತಿ ಮಂಚದ ಮೇಲಿನ ಬಟ್ಟೆಗಳನ್ನೇ ಗಿರವಿಗೆ ಒಯ್ಯುತ್ತಾಳೆ. ಗಿರವಿಯವನು ಆ ಗಂಟು ಹಿಡಿದು ಕಪಾಟು ಹತ್ತುತ್ತಾನೆ. ಕ್ಯಾಮೆರಾ ಅವನ ಹಿಂದೆಯೇ ಮೇಲೇರುತ್ತದೆ. ಸೂರಿನವರೆಗೂ ಬರೀ ಗಂಟುಗಳು. ನಾನು ಏನೂ ಹೇಳಲಿಲ್ಲ. ಲೈನ್ ಮನೆಯ ಒಬ್ಬಾಕೆ ಕತ್ತಲೆಯಲ್ಲಿ ಮೆಲ್ಲಗೆ, "ಅಷ್ಟೂ ಮನೆಯ ಹಾಸಿಗೆ ಅಲ್ವಾ ಅಕ್ಕ" ಅಂದರು. ಯುದ್ಧ ಮುಗಿದ ರೋಮ್ ಹೇಗಿತ್ತು ಅಂತ ನಾನು ಅರ್ಧ ಗಂಟೆ ಹೇಳಿದ್ದರೂ ಅಷ್ಟು ತಲುಪುತ್ತಿರಲಿಲ್ಲ.

ಅದೇ ಸಿನಿಮಾದಲ್ಲಿ ಅಪ್ಪ, ಮಗ ಕಳೆದ ಸೈಕಲ್ ಹುಡುಕುತ್ತಾ ಪೋರ್ಟಾ ಪೊರ್ಟೇಸೆ ಸಂತೆಗೆ ಬರುತ್ತಾರೆ. ಜೋರು ಮಳೆ. ಇಬ್ಬರೂ ಗೋಡೆಗೆ ಒತ್ತಿ ನಿಲ್ಲುತ್ತಾರೆ. ನಮ್ಮ ಜಿಂಕ್ ಶೀಟಿನ ಮೇಲೂ ಅದೇ ಹೊತ್ತಿಗೆ ಮಳೆ ಬಡಿಯುತ್ತಿತ್ತು. ಬೇರೆ ದಿನ ಆ ಸದ್ದಿಗೆ ಸ್ಪೀಕರ್ ಕೇಳುವುದಿಲ್ಲ ಅಂತ ಬೇಸರ ಆಗುತ್ತದೆ. ಆ ದಿನ ಮಳೆ ನಿಲ್ಲದಿರಲಿ ಅಂತ ಬೇಡಿಕೊಂಡೆ.

1949ರ 'ದಿ ಥರ್ಡ್ ಮ್ಯಾನ್' ಮಳೆಗಾಲಕ್ಕೇ ಸರಿ. ಬಾಂಬ್ ಬಿದ್ದ ವಿಯೆನ್ನಾದ ಕಲ್ಲುಹಾಸಿನ ಬೀದಿಗಳಿಗೆ ನೀರು ಹಾಯಿಸಿ ರಾತ್ರಿ ಚಿತ್ರೀಕರಿಸಿದರು. ಒದ್ದೆ ಕಲ್ಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಒಣ ಕಲ್ಲು ನುಂಗುತ್ತದೆ. ಇದನ್ನು ನಮ್ಮವರಿಗೆ ವಿವರಿಸುವ ಕೆಲಸವೇ ಬೀಳಲಿಲ್ಲ. ಮಳೆ ಬಿಟ್ಟ ರಾತ್ರಿ ಮಡಿಕೇರಿಯ ರಸ್ತೆ ಹೇಗೆ ಹೊಳೆಯುತ್ತದೆ ಅಂತ ಎಲ್ಲರೂ ಕಂಡವರೇ.

'ಬ್ರೆತ್‌ಲೆಸ್' ಮಾತ್ರ ನಮ್ಮಲ್ಲಿ ಹಿಡಿಸಲಿಲ್ಲ. ಮಾತು ಜಾಸ್ತಿ, ನನ್ನ ನೋಟ್‌ಬುಕ್ ಸಾಲಲಿಲ್ಲ. ಆದರೆ ಪ್ಯಾರಿಸ್ಸಿನ ದಾರಿಹೋಕರು ತಿರುಗಿ ಕ್ಯಾಮೆರಾ ನೋಡುವುದನ್ನು ಮಕ್ಕಳು ಗುರುತು ಹಿಡಿದರು. ಕ್ಯಾಮೆರಾಮನ್ ರಾವುಲ್ ಕುತಾರ್‌ನನ್ನು ಅಂಚೆ ತಳ್ಳುಗಾಡಿಯೊಳಗೆ ಕೂರಿಸಿ, ಗಾಲಿಕುರ್ಚಿಯಲ್ಲಿ ತಳ್ಳಿ ತೆಗೆದ ಕಥೆ ಹೇಳಿದೆ. ಮುಂದಿನ ಶುಕ್ರವಾರ ಅವರು ಮಡಿಕೇರಿ ಸಂತೆಗೆ ಹೋಗಿ, ನಿಲ್ಲಿಸಿದ ಜೀಪಿನ ಒಳಗಿಂದ ಮೊಬೈಲಿನಲ್ಲಿ ಕಪ್ಪು ಬಿಳುಪು ತೆಗೆದು ತಂದರು. ಗಾಜಿನ ಮೇಲೆ ಹನಿ, ಆಚೆ ಕೊಡೆಗಳು. ನನಗೆ ತುಂಬಾ ಇಷ್ಟವಾಯಿತು.

ಕಳೆದ ಸಲ ಸತ್ಯಜಿತ್ ರಾಯ್ ಅವರ 'ಮಹಾನಗರ' ಹಾಕಿದೆ, 1963ರದ್ದು. ರಾಯ್ 1950ರಲ್ಲಿ ಲಂಡನ್ನಿನಲ್ಲಿ 'ಬೈಸಿಕಲ್ ಥೀವ್ಸ್' ನೋಡಿ, ತಾನೂ ಹೀಗೆಯೇ ಸಿನಿಮಾ ಮಾಡಬೇಕು ಅಂದುಕೊಂಡವರು. ಹಾಗಾಗಿ ಅದರ ಬೆನ್ನಿಗೆ ಇದು ಬರಬೇಕು ಅನ್ನಿಸಿತ್ತು. ಇದರಲ್ಲಿ ಮನೆಯ ಒಳಗು ಸ್ಟುಡಿಯೋದಲ್ಲಿ ಕಟ್ಟಿದ ಸೆಟ್, ಅದನ್ನು ಮುಚ್ಚಿಡದೆ ಮೊದಲೇ ಹೇಳಿದೆ. ಆದರೂ ಕಲ್ಕತ್ತಾ ಊರು ಒಳಗೆ ಬಂದೇ ಬರುತ್ತದೆ. ಶುರುವಾಗುವುದೇ ಟ್ರಾಮಿನ ಮೇಲಿನ ಕಂಬಿಯಿಂದ. ಅದು ತಂತಿಗೆ ಉಜ್ಜುತ್ತಾ, ಕಿಡಿ ಹಾರಿಸುತ್ತಾ ಓಡುತ್ತದೆ.

ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರು ಈಗ ಕೊಡಗಿನ ಎಷ್ಟೋ ತೋಟಗಳಲ್ಲಿ ಕೆಲಸ ಮಾಡುತ್ತಾರೆ. ನಮ್ಮಲ್ಲೂ ಬಂಗಾಳದ ಮೂವರು ಹುಡುಗರಿದ್ದಾರೆ. ಸಿನಿಮಾಕ್ಕೆ ಬಂದರೂ ಯಾವಾಗಲೂ ಬಾಗಿಲ ಹತ್ತಿರ, ಹಿಂದೆ ಕೂರುತ್ತಿದ್ದರು. ಆ ದಿನ ನಾನು ನೋಟ್‌ಬುಕ್ ತೆರೆದು ಮೊದಲ ಸಾಲು ಹೇಳಿದೆ. ಹಿಂದಿನಿಂದ ಒಬ್ಬ, "ದೀದಿ, ಹಾಗಲ್ಲ" ಅಂದ. ತೋಟದಲ್ಲಿ ಕಲಿತ ಕನ್ನಡದಲ್ಲಿ ಅತ್ತೆ ಹೇಳಿದ್ದೇನು, ಮಾವ ಹೇಳಿದ್ದೇನು ಅಂತ ಅವನೇ ಹೇಳತೊಡಗಿದ. ಇಂಗ್ಲಿಷ್ ಅಡಿಬರಹದಲ್ಲಿ ಇಲ್ಲದ್ದೆಲ್ಲ ಅವನ ಬಾಯಲ್ಲಿ ಬಂತು. ಅವನನ್ನು ಮುಂದಕ್ಕೆ ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದೆ.

ಸಿನಿಮಾದ ನಾಯಕಿ ಆರತಿ ಮೊದಲ ಸಂಬಳದ ನೋಟು ಹಿಡಿದು ಕನ್ನಡಿಯ ಮುಂದೆ ನಿಲ್ಲುವಲ್ಲಿ ಅವನು ಮಾತು ನಿಲ್ಲಿಸಿದ. ಅಲ್ಲಿ ಮಾತು ಬೇಡ ಅಂತ ಅವನಿಗೂ ಅನ್ನಿಸಿತು. ವಾರದ ಬಟವಾಡೆ ಎಣಿಸಿ ಸೆರಗಿಗೆ ಕಟ್ಟುವ ಹೆಂಗಸರು ಸಾಲಾಗಿ ಕೂತಿದ್ದರು. ಯಾರೂ ಅಲ್ಲಾಡಲಿಲ್ಲ. ಮುಗಿದ ಮೇಲೆ ಅವರೆಲ್ಲ ಆ ಹುಡುಗನನ್ನು ಸುತ್ತುವರಿದು ಟ್ರಾಮ್ ಅಂದರೇನು, ಅದಕ್ಕೆ ಎಷ್ಟು ಚಾರ್ಜು, ನೀನು ಹತ್ತಿದ್ದೀಯಾ ಅಂತ ಕೇಳತೊಡಗಿದರು. ಅವನು ಕಲ್ಕತ್ತಾದಲ್ಲಿ ಎರಡು ವರ್ಷ ಕಟ್ಟಡದ ಕೆಲಸ ಮಾಡಿದ್ದನಂತೆ. ನನಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಡಿಸೆಂಬರಿಗೆ ಕಾಫಿ ಕೊಯ್ಲು ಶುರು. ಕಣ ತುಂಬುತ್ತದೆ, ಗೋಡೌನಿಗೆ ಮೂಟೆ ಬರುತ್ತದೆ, ಹಲಗೆ ತಿರುಗಿಸಿ ಗೋಡೆಗೆ ಒರಗಿಸಿಡಬೇಕು. ಜೂನಿಗೆ ರಾಯ್ ಅವರದ್ದೇ 'ಅಪರಾಜಿತೋ' ಹಾಕೋಣ ಅಂತ ಇದೆ. ಡಿವಿಡಿಯನ್ನು ಈಗಲೇ ಆ ಹುಡುಗನ ಕೈಗೆ ಕೊಟ್ಟಿದ್ದೇನೆ. ನೋಟ್‌ಬುಕ್ಕೂ ಅವನ ಹತ್ತಿರವೇ ಇದೆ.